ಎಂಜಿನ್ನಿನ ತಾಳ

ಮೋಟಾರು ಕಾರು ರಸ್ತೆಯ ಮೇಲೆ ಸರಾಗವಾಗಿ ಸಾಗುತ್ತಿರುವಾಗ ಅದರ ಎಂಜಿನ್ನಿನೊಳಗೆ ಹಲವಾರು ಭಾಗಗಳು ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿರುತ್ತವೆ. ಗಾಯಕರು ಎಷ್ಟೇ ಸಮರ್ಥರಾಗಿದ್ದರೂ ತಾಳ ತಪ್ಪಿದರೆ ಹಾಡು ಕೆಡುತ್ತದೆ. ಅಂತೆಯೇ ಈ ಭಾಗಗಳು ಎಷ್ಟೇ ಗಟ್ಟಿಯಾಗಿದ್ದರೂ ಅವುಗಳ ಹೊಂದಾಣಿಕೆ ತಪ್ಪಿದರೆ ಎಂಜಿನ್ನು ಕೆಡುತ್ತದೆ. ಆ ತಾಳವನ್ನು ಕಾಯುವ ಸಾಧನವೇ ಟೈಮಿಂಗ್ ಸರಪಳಿ ಅಥವಾ ಟೈಮಿಂಗ್ ಬೆಲ್ಟು.

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಾಲ್ಕು ಹೊಡೆತಗಳ ಎಂಜಿನ್ನನ್ನು ರೂಪಿಸಿದನು. ಇಂದಿನ ಕಾರುಗಳ ಎಂಜಿನ್ನುಗಳೂ ಬಹುಮಟ್ಟಿಗೆ ಅದೇ ಕ್ರಮವನ್ನು ಅನುಸರಿಸುತ್ತವೆ. ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದಾಗ ಇಂಧನ ಬೆರೆತ ಗಾಳಿ ಸಿಲಿಂಡರಿನೊಳಗೆ ಬರುತ್ತದೆ. ಪಿಸ್ಟನ್ ಮೇಲೇರಿದಾಗ ಆ ಮಿಶ್ರಣ ಒತ್ತಲ್ಪಡುತ್ತದೆ. ಕಿಡಿ ತಗುಲಿ ಅದು ಉರಿದಾಗ ಪಿಸ್ಟನ್ ರಭಸದಿಂದ ಕೆಳಕ್ಕೆ ತಳ್ಳಲ್ಪಡುತ್ತದೆ. ಮತ್ತೆ ಮೇಲೇರಿದಾಗ ಉರಿದ ಅನಿಲ ಹೊರಹೋಗುತ್ತದೆ.

ಗಾಳಿಯ ಆಗಮನಕ್ಕೂ ಅನಿಲದ ನಿರ್ಗಮನಕ್ಕೂ ಬೇರೆ ಬೇರೆ ಕವಾಟಗಳಿವೆ. ಪಿಸ್ಟನ್ನುಗಳ ಚಲನೆಯಿಂದ ಕ್ರ್ಯಾಂಕ್ ದಂಡ ತಿರುಗುತ್ತದೆ; ಕ್ಯಾಮ್ ದಂಡವು ಕವಾಟಗಳನ್ನು ತೆರೆಯಿಸುತ್ತದೆ. ನಾಲ್ಕು ಹೊಡೆತಗಳು ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ದಂಡ 2 ಸುತ್ತು ತಿರುಗಿರುತ್ತದೆ. ಆದರೆ ಪ್ರತಿಯೊಂದು ಕವಾಟವೂ ಒಮ್ಮೆ ಮಾತ್ರ ತೆರೆಯಬೇಕು. ಆದುದರಿಂದ ಕ್ಯಾಮ್ ದಂಡ 1 ಸುತ್ತು ಮಾತ್ರ ತಿರುಗಬೇಕು. ಇದಕ್ಕಾಗಿ ಕ್ಯಾಮ್ ದಂಡದ ಹಲ್ಲುಚಕ್ರಕ್ಕೆ ಕ್ರ್ಯಾಂಕ್ ದಂಡದ ಚಕ್ರಕ್ಕಿಂತ ಎರಡು ಪಟ್ಟು ಹಲ್ಲುಗಳನ್ನಿಟ್ಟು, ಎರಡನ್ನೂ ಸರಪಳಿಯಿಂದ ಅಥವಾ ಬೆಲ್ಟಿನಿಂದ ಜೋಡಿಸುತ್ತಾರೆ. ಕ್ರ್ಯಾಂಕ್ ದಂಡ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ!

ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಈ ಕೆಲಸ ಉಕ್ಕಿನ ಸರಪಳಿಯದಾಗಿತ್ತು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯು ತನ್ನ 1004 ಎಂಬ ಕಾರಿನಲ್ಲಿ ಹಲ್ಲುಳ್ಳ ರಬ್ಬರ್ ಬೆಲ್ಟನ್ನು ಅಳವಡಿಸಿತು. 1983ರಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನಲ್ಲಿಯೂ ಬೆಲ್ಟೇ ಇತ್ತು. ಬೆಲ್ಟು ಹಗುರ, ಅದರ ಸದ್ದೂ ಕಡಿಮೆ, ಬೆಲೆಯೂ ಕಡಿಮೆ.

ಆದರೆ ಇವೆರಡರ ಸ್ವಭಾವ ಬೇರೆ ಬೇರೆ. ಸರಪಳಿಯು ಎಂಜಿನ್ ಎಣ್ಣೆಯಲ್ಲಿ ನೆನೆಯುತ್ತಾ ಓಡುತ್ತದೆ. ಅದರ ಕೀಲುಗಳು ಸವೆದಂತೆ ಅದು ಉದ್ದವಾಗಿ ಸಡಿಲಗೊಳ್ಳುತ್ತದೆ; ಆಗ ಎಂಜಿನ್ನು ಚಾಲೂ ಮಾಡಿದೊಡನೆ ಗಲಗಲ ಸದ್ದು ಕೇಳಿಬರುವುದುಂಟು. ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವುದೇ ಸರಪಳಿಗೆ ಆಯುಸ್ಸು. ಬೆಲ್ಟಾದರೋ ಸಾಮಾನ್ಯವಾಗಿ ಮುಚ್ಚಳದ ಹಿಂದೆ ಒಣಗಿದ ಜಾಗದಲ್ಲಿರುತ್ತದೆ. ಶಾಖದಿಂದಲೂ ವಯಸ್ಸಿನಿಂದಲೂ ಅದರ ರಬ್ಬರು ಬಿರುಕು ಬಿಡುತ್ತದೆ. ಸೋರಿದ ಎಣ್ಣೆ ತಗುಲಿದರೆ ಬೇಗ ಕೆಡುತ್ತದೆ. ಸರಪಳಿ ಗೊಣಗಿ ಎಚ್ಚರಿಸಬಹುದು. ಬೆಲ್ಟು ಅನೇಕ ವೇಳೆ ಯಾವ ಸೂಚನೆಯನ್ನೂ ಕೊಡದೆ ಹರಿದುಹೋಗುತ್ತದೆ.

ಹರಿದ ಕ್ಷಣದಲ್ಲಿ ಕ್ಯಾಮ್ ದಂಡ ನಿಲ್ಲುತ್ತದೆ. ಆದರೆ ಪಿಸ್ಟನ್ನುಗಳು ತಮ್ಮ ವೇಗದಲ್ಲಿ ಇನ್ನೂ ಚಲಿಸುತ್ತಿರುತ್ತವೆ. ಅನೇಕ ಎಂಜಿನ್ನುಗಳಲ್ಲಿ ಅವು ತೆರೆದೇ ಉಳಿದ ಕವಾಟಗಳಿಗೆ ಬಡಿದು, ಕವಾಟಗಳು ಬಾಗುತ್ತವೆ. ಆಗಿನ ದುರಸ್ತಿಯ ಖರ್ಚು ಬೆಲ್ಟಿನ ಬೆಲೆಯ ಅನೇಕ ಪಟ್ಟಾಗುತ್ತದೆ. ಹೆದ್ದಾರಿಯ ನಡುವೆ ಎಂಜಿನ್ನು ನಿಂತರೆ ಪವರ್ ಸ್ಟಿಯರಿಂಗ್ ಬಿಗಿಯಾಗಿ ಪ್ರಾಣಕ್ಕೇ ಅಪಾಯ ಒದಗಬಹುದು.

ಆದುದರಿಂದ ಬೆಲ್ಟನ್ನು ಕಣ್ಣಂದಾಜಿನಿಂದಲ್ಲ, ಲೆಕ್ಕದಿಂದ ಬದಲಿಸಬೇಕು. ತಯಾರಕರ ಕೈಪಿಡಿಯಲ್ಲಿ ಕಿಲೋಮೀಟರುಗಳ ಮಿತಿಯೂ ವರ್ಷಗಳ ಮಿತಿಯೂ ಇರುತ್ತವೆ. ಯಾವುದು ಮೊದಲು ಬಂದರೆ ಅದೇ ಗಡುವು. ಹೆಚ್ಚು ಓಡದ ಕಾರಿನ ಬೆಲ್ಟಿಗೂ ಮುಪ್ಪು ಬರುತ್ತದೆ. ಬೆಲ್ಟನ್ನು ಬಿಗಿಹಿಡಿಯುವ ಉರುಳೆಯನ್ನೂ ಅದೇ ಸಮಯದಲ್ಲಿ ಬದಲಿಸುವುದು ಒಳ್ಳೆಯದು. ಹೊಸ ಬೆಲ್ಟನ್ನು ಚಕ್ರಗಳ ಮೇಲಿನ ಗುರುತುಗಳು ಸರಿಹೊಂದುವಂತೆ ತೊಡಿಸಬೇಕು. ಒಂದು ಹಲ್ಲು ತಪ್ಪಿದರೂ ತಾಳ ತಪ್ಪಿತು! ಬಲ್ಲ ಮೆಕ್ಯಾನಿಕ್ಕು ಕ್ರ್ಯಾಂಕ್ ದಂಡವನ್ನು ಕೈಯಿಂದಲೇ 2 ಸುತ್ತು ತಿರುಗಿಸಿ, ಗುರುತುಗಳನ್ನು ಮತ್ತೊಮ್ಮೆ ನೋಡಿದ ನಂತರವೇ ಎಂಜಿನ್ನನ್ನು ಚಾಲೂ ಮಾಡುತ್ತಾನೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಯಂತ್ರಕ್ಕೂ ಸಲ್ಲುತ್ತದೆ. ಸದ್ದಿಲ್ಲದೆ ದುಡಿಯುವ ಭಾಗಕ್ಕೇ ಹೆಚ್ಚಿನ ನಿಗಾ ಬೇಕು.