ತೋಟದ ಕಪ್ಪೆಯೂ ಮೈಲುತುತ್ತಿನ ಪೀಪಾಯಿಯೂ



ಮುಂಗಾರಿಗೆ ಮೊದಲು ಎರಡು ಮೂರು ಮಳೆ ಬಿದ್ದ ಮೇಲೆ, ಸಂಜೆ ಕತ್ತಲಾಗುವ ಹೊತ್ತಿಗೆ ಅಡಿಕೆ ತೋಟದಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಬೇರುಹುಳುವಿನ ದುಂಬಿಗಳು ಮಣ್ಣಿನಿಂದ ಎದ್ದು ಹಾರುವುದು ಆಗಲೇ. ನೆಲಗಪ್ಪೆಗಳು ಹೊಂಚು ಹಾಕುವುದೂ ಆಗಲೇ. ಮೊಟ್ಟೆಯಿಡುವ ಮುನ್ನ ಒಂದು ಹೆಣ್ಣು ದುಂಬಿ ಕಪ್ಪೆಯ ಹೊಟ್ಟೆ ಸೇರಿದರೆ ಅಷ್ಟು ಮರಿಹುಳುಗಳ ಕಾಟ ಬೇರಿಗೆ ತಪ್ಪಿದಂತೆ. ಹುಳು ಕೆಳಗಿಳಿದು ಬೇರು ತಿನ್ನತೊಡಗಿದ ಮೇಲಿನ ಕಷ್ಟ, ಖರ್ಚು ನಮಗೆಲ್ಲ ಗೊತ್ತಿದ್ದದ್ದೇ. ಹಿಂದೆ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು 2020ರ ಕೊನೆಯಿಂದ ನಿಷಿದ್ಧವೂ ಆಗಿದೆ.

ಕಪ್ಪೆಯಿಂದಲೇ ಎಲ್ಲವೂ ಆಗುತ್ತದೆಂದು ನಾವು ಹೇಳುವುದಿಲ್ಲ. ಅರೇಬಿಕಾ ಗಿಡದೊಳಗೆ ಕುಳಿತ ಬಿಳಿ ಕಾಂಡಕೊರಕ ಅದರ ಬಾಯಿಗೆ ಸಿಗದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲೇಬೇಕು. ಆದರೆ ಹೊಡೆದಾದ ಮೇಲೆ ನಾವು ಪೀಪಾಯಿಯನ್ನು ಎಲ್ಲಿ ತೊಳೆಯುತ್ತೇವೆ?

ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ಮಳೆ ಬಿಡುವು ಕೊಟ್ಟ ಒಂದು ದಿನ ಗೊನೆಗಳಿಗೆ ಔಷಧಿ ಹೊಡೆಸಿ, ಉಳಿದ ದ್ರಾವಣವನ್ನು ತೋಟದ ಹೊಂಡದ ದಡದಲ್ಲೇ ಚೆಲ್ಲಿಸಿ, ಪೀಪಾಯಿಯನ್ನೂ ಅಲ್ಲೇ ತೊಳೆಸಿದೆವು. ನೀರು ಹತ್ತಿರವಿತ್ತು, ಅಷ್ಟೇ ಕಾರಣ. ಮೂರನೆಯ ದಿನ ಗೊದಮೊಟ್ಟೆಗಳು ಹೊಟ್ಟೆ ಮೇಲಾಗಿ ಅಂಚಿನುದ್ದಕ್ಕೂ ತೇಲುತ್ತಿದ್ದವು. ತಾಮ್ರವು ಜಲಚರಗಳಿಗೆ ವಿಷವೆಂದು ಕಾಲೇಜಿನಲ್ಲಿ ಓದಿದವರೇ ನಾವು. ಸ್ವಂತ ಹೊಂಡದ ದಡದಲ್ಲಿ ಅದು ನೆನಪಾಗಲಿಲ್ಲ. ಮರುವರ್ಷ ಆ ಕಡೆಯಿಂದ ವಟಗುಟ್ಟುವ ಸದ್ದು ತೀರ ಕಡಿಮೆಯಿತ್ತು. ಅದನ್ನು ಮೊದಲು ಗಮನಿಸಿ ಕೇಳಿದವರು ನಮ್ಮ ಮನೆಯವರು.

ಲೆಕ್ಕ ಸರಳವಾಗಿದೆ. ಶೇಕಡಾ 1ರ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು. 10 ಲೀಟರ್ ಚೆಲ್ಲಿದರೆ 100 ಗ್ರಾಂ ಮೈಲುತುತ್ತನ್ನು ಸುರಿದಂತಾಯಿತು, ಅದೂ ದುಡ್ಡು ಕೊಟ್ಟು ತಂದದ್ದು. ಆದ್ದರಿಂದ ಆ ದಿನಕ್ಕೆ ಬೇಕಾದಷ್ಟನ್ನೇ ಕಲಸಿರಿ. ಪೀಪಾಯಿ ತೊಳೆದ ನೀರನ್ನು ಉಳಿದ ಮರಗಳ ಗೊನೆಗೇ ಹೊಡೆಸಿರಿ. ಕೆರೆ, ಹೊಂಡ, ಬಸಿಗಾಲುವೆಗಳ ಬಳಿ ತೊಳೆಯುವುದು ಬೇಡವೇ ಬೇಡ. ಪ್ರತಿ ಸಲ ಒಂದೇ ಜಾಗದಲ್ಲಿ ಸುರಿಯುವುದೂ ಸಲ್ಲದು. ತಾಮ್ರ ಮಣ್ಣಿನಲ್ಲಿ ಕರಗಿಹೋಗುವ ವಸ್ತುವಲ್ಲ, ಅಲ್ಲೇ ಕೂಡುತ್ತದೆ.

ಕಾಫಿ ತೋಟದವರಿಗೆ ಇನ್ನೊಂದು ಮಾತು. ನಮ್ಮ ಘಟ್ಟದ ಹಲವು ಸಣ್ಣ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ತೇವವಿರುವ ಎಲೆ, ತರಗಿನ ನಡುವೆ ಇಟ್ಟ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುತ್ತದೆ. ಅವುಗಳಿಗೆ ಹೊಂಡ ಬೇಡ, ನೆರಳು ಮತ್ತು ತರಗು ಬೇಕು. ಗಿಡದ ಬುಡ ಗುಡಿಸಿ ಬೆಂಕಿ ಕೊಡುವವರು ಇದನ್ನು ಗಮನಿಸಬೇಕು. ಇಲಿ ಹಿಡಿಯುವ ಕೇರೆಹಾವು, ಗೂಬೆಗಳ ವಿಚಾರ ನಿಮಗೆ ತಿಳಿದೇ ಇದೆ.

ಕಪ್ಪೆಯ ಕಾಲಿಗೆ ಒಮ್ಮೆ ವಿದೇಶದಲ್ಲಿ ಬೆಲೆಯಿತ್ತು. 1981ರಲ್ಲಿ ನಮ್ಮ ದೇಶದಿಂದ 4 ಸಾವಿರ ಟನ್ನಿಗೂ ಹೆಚ್ಚು ರಫ್ತಾಯಿತು. ಗದ್ದೆಗಳಲ್ಲಿ ಕೀಟ ತಿನ್ನುವವರಿಲ್ಲವೆಂಬ ಕೂಗೆದ್ದು, 1987ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು.

ಸಂಘದ ಗೋದಾಮಿಗೆ ಮೈಲುತುತ್ತು ಕೊಳ್ಳಲು ಬರುವಾಗ ಮರಗಳ ಸಂಖ್ಯೆ ಬರೆದು ತನ್ನಿರಿ. ಎಷ್ಟು ಪೀಪಾಯಿ ಬೇಕೆಂದು ಕಚೇರಿಯಲ್ಲೇ ಕುಳಿತು ಲೆಕ್ಕ ಹಾಕೋಣ.

— ಕಾರ್ಯದರ್ಶಿ