ಹಳೆಯ ತಂಡ, ಹೊಸ ಹಾಡು



ಕಳೆದ ಅವಧಿಯಲ್ಲಿ ನಮ್ಮ ಕನ್ನಡ ತರಗತಿಯ ಮಕ್ಕಳು ಭಾವಗೀತೆಗಳನ್ನು ಹಾಡಿದಾಗ ಸಭಾಂಗಣದ ಅರ್ಧದಷ್ಟು ಕುರ್ಚಿಗಳು ಖಾಲಿಯಿದ್ದವು. "ಟೀಚರ್, ಹಳೆಯ ಹಾಡುಗಳನ್ನು ಈಗ ಯಾರು ಕೇಳ್ತಾರೆ?" ಎಂದು ಒಬ್ಬ ಹುಡುಗಿ ಕೇಳಿದಳು. ಆಗ ನಮಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯಿಂದಲೇ ಈ ಪಾಠ ಹುಟ್ಟಿತು.

ಮೊದಲು ನಮ್ಮ ನೈರೋಬಿಯನ್ನೇ ನೋಡೋಣ. ಸ್ವಾಹಿಲಿಯಲ್ಲಿ 'ಸೌಟಿ' ಎಂದರೆ ದನಿ. 2005ರಲ್ಲಿ ಇಲ್ಲಿ ಹುಟ್ಟಿದ ಸೌಟಿ ಸೋಲ್ ತಂಡ 2020ರಲ್ಲಿ 'ಮಿಡ್‌ನೈಟ್ ಟ್ರೇನ್' ಎಂಬ ಆಲ್ಬಮ್ ಹೊರತರಲು ಸಜ್ಜಾಗಿತ್ತು. ಅಷ್ಟರಲ್ಲಿ ಕೊರೊನಾ ಬಂತು. ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು, ರಾತ್ರಿ ಕರ್ಫ್ಯೂ ಜಾರಿಯಾಯಿತು, ಜನ ಒಂದೆಡೆ ಸೇರುವಂತಿರಲಿಲ್ಲ. ಆದರೂ ತಂಡದವರು ಕೈಕಟ್ಟಿ ಕೂರಲಿಲ್ಲ. ಕೆಲವು ಹಾಡುಗಳನ್ನು ಒಂದೊಂದಾಗಿ ಮೊದಲೇ ಕೇಳಿಸಿ, ಜೂನ್ 5ರಂದು ಇಡೀ ಆಲ್ಬಮ್ ಬಿಡುಗಡೆ ಮಾಡಿದರು. ಅದೇ ವರ್ಷ, 1968ರಲ್ಲಿ ಆರಂಭವಾದ ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡ ತನ್ನ ಆಲ್ಬಮನ್ನು ಜೂನ್‌ನಿಂದ ಆಗಸ್ಟ್‌ಗೆ ಮುಂದೂಡಿತು. ಕಷ್ಟ ಒಂದೇ, ದಾರಿ ಬೇರೆ ಬೇರೆ.

ಇವರಿಗಿಂತ ಹಿರಿಯರು 1962ರಲ್ಲಿ ಶುರುವಾದ ರೋಲಿಂಗ್ ಸ್ಟೋನ್ಸ್. 2021ರಲ್ಲಿ ಅವರ ಡ್ರಮ್ ವಾದಕ ಚಾರ್ಲಿ ವಾಟ್ಸ್ ತೀರಿಕೊಂಡರು. "ಇನ್ನು ಸಾಕು" ಎಂದು ಉಳಿದವರು ನಿಲ್ಲಿಸಬಹುದಿತ್ತು. ಆದರೆ 2023ರ ಆಗಸ್ಟ್‌ನಲ್ಲಿ ಲಂಡನ್ನಿನ ಒಂದು ಸ್ಥಳೀಯ ಪತ್ರಿಕೆಯಲ್ಲಿ ಪುಟ್ಟ ಜಾಹೀರಾತು ಬಂತು. ನೋಡಿದರೆ ಗಾಜು ರಿಪೇರಿ ಅಂಗಡಿಯದು; ಅಂಗಡಿಯ ಹೆಸರು 'ಹ್ಯಾಕ್ನಿ ಡೈಮಂಡ್ಸ್'. ಲಂಡನ್ನಿನ ಆಡುಮಾತಿನಲ್ಲಿ ಅದಕ್ಕೆ ಒಡೆದ ಕಿಟಕಿಯ ಗಾಜಿನ ಚೂರುಗಳು ಎಂದು ಅರ್ಥ. ಆ ಜಾಹೀರಾತಿನ ಸಾಲುಗಳಲ್ಲಿ ತಂಡದ ಹಳೆಯ ಹಾಡುಗಳ ಹೆಸರುಗಳು ಅಡಗಿದ್ದವು! ಅಭಿಮಾನಿಗಳಿಗೆ ಗುಟ್ಟು ತಿಳಿಯಿತು. ಅಕ್ಟೋಬರ್ 20ರಂದು ಅದೇ ಹೆಸರಿನ ಆಲ್ಬಮ್ ಬಂತು. ಸ್ವಂತ ಹೊಸ ಹಾಡುಗಳ ಆಲ್ಬಮ್ ಅವರಿಂದ ಬಂದದ್ದು 18 ವರ್ಷಗಳ ನಂತರ. ಅದರ ಎರಡು ಹಾಡುಗಳಲ್ಲಿ ಅಗಲಿದ ಗೆಳೆಯ ಚಾರ್ಲಿ ಮೊದಲೇ ನುಡಿಸಿಟ್ಟಿದ್ದ ಡ್ರಮ್ ಕೇಳಿಸುತ್ತದೆ.

ನಮ್ಮ ಕನ್ನಡದಲ್ಲೂ ಇಂಥ ಜಾಣ್ಮೆಯಿದೆ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಆದವು. ಪುಸ್ತಕದೊಳಗಿದ್ದ ಕವಿತೆ ಮನೆಮನೆಯ ಟೇಪ್ ರೆಕಾರ್ಡರಿಗೆ ಬಂತು. ಪೋಷಕರಲ್ಲಿ ಅನೇಕರಿಗೆ ಅದರ ನೆನಪಿರಬಹುದು.

ಇವುಗಳಿಂದ ಕಲಿಯುವುದೇನು?

1. ಕೇಳುಗರು ಇರುವಲ್ಲಿಗೆ ನಾವೇ ಹೋಗಬೇಕು.
2. ಎಲ್ಲವನ್ನೂ ಒಮ್ಮೆಗೇ ಹೇಳದೆ ಕುತೂಹಲ ಉಳಿಸಬೇಕು.
3. ಹಳೆಯದನ್ನು ಬಚ್ಚಿಡದೆ, ಅದರಿಂದಲೇ ಹೊಸದಕ್ಕೆ ಬಾಗಿಲು ತೆರೆಯಬೇಕು.

"ಬಾಯಿದ್ದವನು ಬರಗಾಲದಲ್ಲೂ ಬದುಕಿದ" ಎಂಬ ಗಾದೆಯ ಅರ್ಥವೂ ಇದೇ ಅಲ್ಲವೇ?

ಈಗ ಆ ಹುಡುಗಿಗೆ ಉತ್ತರ ಹೇಳಬಲ್ಲೆವು. ಕುರ್ಚಿಗಳು ಖಾಲಿಯಾದದ್ದು ಹಾಡು ಹಳೆಯದೆಂದಲ್ಲ, ಮಗಳೇ. ನಾವು ಫಲಕಕ್ಕೆ ಒಂದು ಚೀಟಿ ಅಂಟಿಸಿ ಸುಮ್ಮನಾದೆವು. ದಿನಾಂಕ, ಸಮಯ ಬರೆದೆವು. ಏಕೆ ಬರಬೇಕೆಂದು ಬರೆಯಲಿಲ್ಲ. ತಪ್ಪು ನಮ್ಮದು.

ಅಭ್ಯಾಸ: ಮುಂದಿನ ಕಾರ್ಯಕ್ರಮಕ್ಕೆ ನಾಲ್ಕು ಸಾಲಿನ ಜಾಹೀರಾತು ಬರೆಯಿರಿ. ಅದರಲ್ಲಿ ಮೂರು ಕನ್ನಡ ಹಾಡುಗಳ ಹೆಸರನ್ನು ಅಡಗಿಸಿ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿಗೆ ಓದಿ ಹೇಳಿ. ಅವರು ಹಾಡನ್ನು ಗುರುತಿಸಿ ಗುನುಗಿದರೆ ನಿಮಗೆ ಪೂರ್ಣಾಂಕ!