ಆಪರೇಷನ್ ಆದವರನ್ನು ಬೇಗ ಎಬ್ಬಿಸಿ, ಬೇಗ ಉಣಿಸಿ

‘ಹೊಟ್ಟೆ ಕೊಯ್ದಿದ್ದಾರೆ, ಅಲುಗಾಡಬೇಡ, ಹೊಲಿಗೆ ಬಿಚ್ಚಿಕೊಂಡೀತು.’ ಸರ್ಜಿಕಲ್ ವಾರ್ಡಿನಲ್ಲಿ ಮಂಚದ ಪಕ್ಕ ಕೂತ ಹಿರಿಯರ ಬಾಯಲ್ಲಿ ಈ ಮಾತು ಕೇಳುತ್ತಲೇ ಇರುತ್ತದೆ. ಪ್ರೀತಿಯ ಮಾತೇ. ಆದರೆ ಮಲಗಿಯೇ ಇದ್ದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರಬಹುದು.

ದೀರ್ಘ ಉಪವಾಸ, ಅನಗತ್ಯ ನಳಿಕೆ, ಹಾಸಿಗೆವಾಸ ಇವನ್ನೆಲ್ಲ ಕಡಿಮೆ ಮಾಡಿದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ತೋರಿಸಿಕೊಟ್ಟರು. ಈ ಪದ್ಧತಿಗೆ ‘ಇರಾಸ್’ ಎನ್ನುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆಂದೇ 2022ರಲ್ಲಿ ಇದರ ಮಾರ್ಗಸೂಚಿ ಬಂದಿದೆ. ಇದರ ಬಹುಪಾಲಿಗೆ ದುಬಾರಿ ಯಂತ್ರ ಬೇಕಿಲ್ಲ. ನರ್ಸ್‌ಗಳು ಸಾಲದ ನಮ್ಮ ವಾರ್ಡುಗಳಲ್ಲಿ ಅರ್ಧ ಕೆಲಸ ಜೊತೆಗಿರುವ ಮನೆಯವರದ್ದೇ.

ತಾರೀಖು ಗೊತ್ತಾದ ಕೂಡಲೇ: ಬೀಡಿ, ಸಿಗರೇಟು, ಮದ್ಯ ಬಿಡಿಸಿ. ನಾಲ್ಕು ವಾರ ಮೊದಲೇ ಬಿಟ್ಟರೆ ಒಳ್ಳೆಯದು. ರಕ್ತಹೀನತೆ, ಸಕ್ಕರೆ ಕಾಯಿಲೆ ಇದ್ದರೆ ಆಗಲೇ ಹತೋಟಿಗೆ ತನ್ನಿ.

ಹಿಂದಿನ ರಾತ್ರಿ: ರಾತ್ರಿ ಉಂಡವರು ಮರುದಿನ ಮಧ್ಯಾಹ್ನದವರೆಗೂ ಒಂದು ಗುಟುಕು ನೀರಿಲ್ಲದೆ ಕಾಯುವುದು ಬಹುತೇಕರಿಗೆ ಅಗತ್ಯವಿಲ್ಲ. ಗಟ್ಟಿ ಆಹಾರ ಆರು ಗಂಟೆ ಮೊದಲು ನಿಲ್ಲಬೇಕು. ನೀರು, ಸಕ್ಕರೆ ನೀರು, ಹಾಲಿಲ್ಲದ ಚಹಾ ಎರಡು ಗಂಟೆ ಮೊದಲಿನವರೆಗೂ ಆಗುತ್ತದೆ. ಹಾಲು, ಗಂಜಿ ಇದರಲ್ಲಿ ಸೇರುವುದಿಲ್ಲ. ಸಕ್ಕರೆ ಕಾಯಿಲೆ, ಕರುಳಿನ ತಡೆ ಇದ್ದವರ ಲೆಕ್ಕ ಬೇರೆ. ಹಾಗಾಗಿ ಅರಿವಳಿಕೆ ವೈದ್ಯರನ್ನು ಕೇಳಿಯೇ ಕೊಡಿ.

ಏಳಿಸುವ ಬಗೆ: ವೈದ್ಯರು ಒಪ್ಪಿದರೆ ಆಪರೇಷನ್ ಆದ ದಿನವೇ ಕೂರಿಸಿ. ನೆಟ್ಟಗೆ ಎಳೆದು ಎಬ್ಬಿಸಬೇಡಿ. ಮಂಡಿ ಮಡಚಿ ಮಗ್ಗುಲಾಗಲಿ, ಕಾಲನ್ನು ಮಂಚದಿಂದ ಇಳಿಬಿಡಲಿ, ಮೊಣಕೈ ಊರಿ ಮೇಲೇಳಲಿ. ತಲೆಸುತ್ತು ಹೋಗುವವರೆಗೆ ಹಾಗೇ ಕೂತಿರಲಿ. ಆಮೇಲೆ ನಾಲ್ಕು ಹೆಜ್ಜೆ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ; ‘ಈ ನಳಿಕೆ ಯಾವಾಗ ತೆಗೀತೀರಿ?’ ಎಂದು ದಿನಾ ಕೇಳಿ. ಕೆಮ್ಮು ಬಂದಾಗ ಮಡಚಿದ ಟವೆಲನ್ನು ಗಾಯದ ಮೇಲೆ ಒತ್ತಿ ಹಿಡಿದರೆ ನೋವು ತಗ್ಗುತ್ತದೆ. ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೇ ಕೊಡಿ. ನೋವು ತಡೆದುಕೊಂಡು ಮಲಗಿದವರು ನಡೆಯುವುದಿಲ್ಲ, ಆಳವಾಗಿ ಉಸಿರೂ ಎಳೆಯುವುದಿಲ್ಲ.

ಊಟ: ಗ್ಯಾಸ್ ಹೋಗುವವರೆಗೂ ಏನೂ ಕೊಡಬಾರದು ಎಂಬ ಹಳೆಯ ನಿಯಮ ಸಡಿಲಾಗಿದೆ. ಎಷ್ಟೋ ಆಪರೇಷನ್‌ಗಳಲ್ಲಿ ಅದೇ ದಿನ ಅಥವಾ ಮರುದಿನ ಊಟ ಶುರುವಾಗುತ್ತದೆ. ಇಲ್ಲಿ ನಮಗೆ ಅಡ್ಡ ಬರುವುದು ‘ನಂಜು’. ಬೇಳೆ ತಿಂದರೆ ಕೀವಾಗುತ್ತದೆ, ಮೊಟ್ಟೆ ನಂಜು ಎಂದು ಬರೀ ಗಂಜಿ ತಿಳಿ ಕುಡಿಸುತ್ತಾರೆ. ಗಾಯ ಕೂಡಲು ಬೇಕಾದದ್ದೇ ಪ್ರೋಟೀನ್. ವೈದ್ಯರು ಅನ್ನ ಕೊಡಿ ಅಂದ ಮೇಲೆ ಬೇಳೆಕಟ್ಟು, ಮೊಸರು, ಮೊಟ್ಟೆ ಧೈರ್ಯವಾಗಿ ಕೊಡಿ.

ಮನೆಗೆ ಹೋಗುವಾಗ: ಹೊಲಿಗೆ ಬಿಚ್ಚುವ ದಿನ, ವಾರ್ಡಿನ ಫೋನ್ ನಂಬರ್ ಬರೆಸಿಕೊಳ್ಳಿ. ಜ್ವರ, ಗಾಯದಿಂದ ಕೀವು, ನಿಲ್ಲದ ವಾಂತಿ, ಒಂದೇ ಕಾಲಿನ ಬಾವು, ಉಸಿರುಕಟ್ಟುವಿಕೆ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.